ಆ ನಾಲ್ಕು ಖಾನೆಗಳನ್ನು ಕಿರಿಕಿರಿ ಎನ್ನುವವರಿಗೆ

“ಈಗ ಯಾರ್ರೀ ಕಂಪ್ಯೂಟರಿಗೆ ಮೇಲ್ ಸಾಫ್ಟ್‌ವೇರ್ ಹಾಕ್ಕೋತಾರೆ? ಬ್ರೌಸರ್ ತೆಗೆದ್ರೆ ಆಯ್ತಪ್ಪ.” ಈ ಮಾತು ಎಷ್ಟು ಸಲೀಸಾಗಿದೆಯೆಂದರೆ, ಇದನ್ನು ಪ್ರಶ್ನಿಸುವವನನ್ನು ಟೈಪ್‌ರೈಟರ್ ಕಾಲದವನೆಂದು ನೋಡುತ್ತಾರೆ. ಇದರ ಬೆನ್ನಿಗೇ ಇನ್ನೊಂದು ನಂಬಿಕೆ ಅಂಟಿಕೊಂಡಿದೆ. ಥಂಡರ್‌ಬರ್ಡನ್ನೋ ಔಟ್‌ಲುಕ್ಕನ್ನೋ ಹಾಕಿಕೊಳ್ಳಲೇಬೇಕಾಗಿ ಬಂದರೆ, ಹೊರಹೋಗುವ ಮೇಲಿನ ಸೆಟ್ಟಿಂಗ್ಸ್ ಅನ್ನುವುದೊಂದು ಕಾಟ. ಸರ್ವರ್ ಹೆಸರು, ಪೋರ್ಟ್, ಎನ್‌ಕ್ರಿಪ್ಷನ್, ದೃಢೀಕರಣದ ವಿಧಾನ ಎಂಬ ಆ ನಾಲ್ಕು ಖಾನೆಗಳಲ್ಲಿ ಏನಾದರೊಂದು ತುಂಬಿ, ಮೇಲ್ ಹೋಗುವ ತನಕ ಬದಲಿಸುತ್ತಾ ಇದ್ದು, ಹೋದ ಕೂಡಲೇ ಕಿಟಕಿ ಮುಚ್ಚಿಬಿಡಬೇಕು ಎಂಬುದು ಆ ನಂಬಿಕೆ. ಕಚೇರಿಗಳಿಗೆ ಕಂಪ್ಯೂಟರ್ ರಿಪೇರಿಗೆ ಬರುವವರು, ಹೋಸ್ಟಿಂಗ್ ಕಂಪನಿಗಳ ಸಹಾಯವಾಣಿಯವರು, ತಂತ್ರಜ್ಞಾನದ ಅಂಕಣ ಬರೆಯುವವರು, ಎಲ್ಲರದೂ ಹೆಚ್ಚುಕಡಿಮೆ ಇದೇ ಪಾಠ.

ಮೊದಲ ಮಾತು ತಪ್ಪು. ಎರಡನೆಯದು ತಪ್ಪೂ ಹೌದು, ಅಪಾಯವೂ ಹೌದು. ನಿಮ್ಮ ಹೆಸರಿನಲ್ಲಿ ಹೋಗುವ ಪತ್ರವನ್ನು ಯಾರ ಕೈಗೆ ಕೊಡುತ್ತೀರಿ, ಯಾವ ದಾರಿಯಲ್ಲಿ ಕೊಡುತ್ತೀರಿ, ಕೊಡುತ್ತಿರುವುದು ನೀವೇ ಎಂದು ಹೇಗೆ ತೋರಿಸುತ್ತೀರಿ ಎಂಬುದನ್ನು ಬಳಕೆದಾರ ಕಣ್ಣಾರೆ ನೋಡಿ ತಾನೇ ತೀರ್ಮಾನಿಸುವ ಜಾಗ ಇಡೀ ಇಮೇಲ್ ವ್ಯವಸ್ಥೆಯಲ್ಲಿ ಇದೊಂದೇ ಇದೆ. ಅದನ್ನು ಕಿರಿಕಿರಿ ಎಂದು ಬಿಟ್ಟುಕೊಟ್ಟರೆ ಆ ತೀರ್ಮಾನ ಇನ್ನೊಬ್ಬರ ಕೈಗೆ ಹೋಗುತ್ತದೆ. ಹೋಗಿದೆ ಕೂಡ.

ಒಳಬರುವ ಮೇಲಿಗೆ ಪಾಸ್‌ವರ್ಡ್ ಕೊಟ್ಟ ಮೇಲೆ ಹೊರಹೋಗುವುದಕ್ಕೆ ಮತ್ತೆ ಯಾಕೆ ಕೇಳುತ್ತದೆ ಎಂದು ರೇಗುವವರಿದ್ದಾರೆ. ರೇಗುವುದರಲ್ಲಿ ಅರ್ಥವಿದೆ, ಯಾಕೆಂದರೆ ಕಾರಣವನ್ನು ಅವರಿಗೆ ಯಾರೂ ಹೇಳಿಲ್ಲ. ಮೇಲ್ ಕಳಿಸುವ ನಿಯಮಾವಳಿಯಾದ ಎಸ್‌ಎಂಟಿಪಿಯನ್ನು ಜಾನ್ ಪೋಸ್ಟೆಲ್ 1982ರ ಆಗಸ್ಟಿನಲ್ಲಿ ಆರ್‌ಎಫ್‌ಸಿ 821 ಎಂಬ ಕಡತವಾಗಿ ಬರೆದಾಗ ಅದರಲ್ಲಿ ಗುರುತು ಕೇಳುವ ಏರ್ಪಾಡೇ ಇರಲಿಲ್ಲ. ರಸ್ತೆ ಬದಿಯ ಕೆಂಪು ಅಂಚೆ ಡಬ್ಬಿಯ ಹಾಗೆ: ಕಾರ್ಡಿನ ಮೇಲೆ ಯಾರ ಹೆಸರು ಬರೆದು ಹಾಕಿದರೂ ಡಬ್ಬಿ ನುಂಗುತ್ತಿತ್ತು. ಆಗ ಜಾಲದಲ್ಲಿ ಇದ್ದದ್ದು ವಿಶ್ವವಿದ್ಯಾಲಯಗಳು, ಸಂಶೋಧನಾ ಕೇಂದ್ರಗಳು, ಅಮೆರಿಕದ ಸೇನೆಗೆ ಕೆಲಸ ಮಾಡುವವರು. ಪರಸ್ಪರ ಪರಿಚಯ ಇದ್ದವರು. ಆದರೂ ಬೇಡದ ಮೇಲಿನ ಚರಿತ್ರೆ ಅದಕ್ಕಿಂತ ಹಳೆಯದು. 1978ರ ಮೇ ತಿಂಗಳಲ್ಲಿ ಡಿಇಸಿ ಕಂಪನಿಯ ಗ್ಯಾರಿ ಥರ್ಕ್ ತಮ್ಮ ಕಂಪ್ಯೂಟರ್‌ಗಳ ಪ್ರದರ್ಶನಕ್ಕೆ ಬನ್ನಿ ಎಂದು ಆಗಿನ ಜಾಲವಾದ ಆರ್ಪಾನೆಟ್ಟಿನಲ್ಲಿದ್ದ ನೂರಾರು ಜನಕ್ಕೆ ಒಟ್ಟಿಗೆ ಸಂದೇಶ ಕಳಿಸಿ ಬೈಸಿಕೊಂಡಿದ್ದರು.

ತೊಂಬತ್ತರ ದಶಕದಲ್ಲಿ ಅಂತರ್ಜಾಲ ಮನೆಮನೆಗೆ ಬಂತು. ನಮ್ಮಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಸಂಪರ್ಕ ಕೊಟ್ಟದ್ದು 1995ರ ಆಗಸ್ಟ್ 15ರಂದು. ಯಾರು ಕೊಟ್ಟರೂ ತೆಗೆದುಕೊಂಡು ಮುಂದೆ ಸಾಗಿಸುವ ಸರ್ವರ್‌ಗಳು ಆಗ ಬೇಡದ ಮೇಲ್ ಕಳಿಸುವ ವ್ಯಾಪಾರಿಗಳಿಗೆ ಪುಕ್ಕಟೆ ಸಾಗಣೆದಾರರಾದವು. ಬಹುಪಾಲು ಸರ್ವರ್‌ಗಳಲ್ಲಿ ಓಡುತ್ತಿದ್ದ ಸೆಂಡ್‌ಮೇಲ್ ಎಂಬ ತಂತ್ರಾಂಶ 1998ರಲ್ಲಿ ತನ್ನ 8.9ನೇ ಆವೃತ್ತಿಯಿಂದ, ಹೊರಗಿನವರ ಮೇಲನ್ನು ಹೊರಗಿನವರಿಗೆ ಸಾಗಿಸುವುದನ್ನು ತಾನಾಗಿ ನಿಲ್ಲಿಸಿತು. ಹಾಗಾದರೆ ಸರ್ವರಿನ ಸ್ವಂತ ಗ್ರಾಹಕ ಊರು ಬಿಟ್ಟು ಇನ್ನೆಲ್ಲಿಂದಲೋ ಮೇಲ್ ಕಳಿಸಬೇಕಾದರೆ? ಅದಕ್ಕೆ ಉತ್ತರವಾಗಿ 1998ರ ಡಿಸೆಂಬರಿನಲ್ಲಿ ಗ್ರಾಹಕರಿಗೆಂದೇ ಬೇರೆ ಬಾಗಿಲು ಬಂತು, ಅದೇ 587ನೇ ಪೋರ್ಟ್. ಆ ಬಾಗಿಲಲ್ಲಿ ಗುರುತು ತೋರಿಸುವ ಕ್ರಮ 1999ರ ಮಾರ್ಚಿನಲ್ಲಿ ಆರ್‌ಎಫ್‌ಸಿ 2554 ಆಗಿ ಹೊರಬಂತು. ಸರ್ವರಿನಿಂದ ಸರ್ವರಿಗೆ ಮೇಲ್ ಹಾಯುವ 25ನೇ ಬಾಗಿಲು ಹಳೆಯ ಹಾಗೇ ಉಳಿಯಿತು. ಅಲ್ಲಿ ಈಗಲೂ ಪಾಸ್‌ವರ್ಡ್ ಕೇಳುವುದಿಲ್ಲ, ಕೇಳಿದರೆ ಜಗತ್ತಿನ ಮೇಲ್ ನಿಂತುಹೋಗುತ್ತದೆ.

ಈ ಎರಡು ಹೆಜ್ಜೆಗಳ ನಡುವಿನ ಗಡಿಬಿಡಿಯ ಕುರುಹು ಔಟ್‌ಲುಕ್ಕಿನ ಹಳೆಯ ಆವೃತ್ತಿಗಳಲ್ಲಿ ಹಾಗೇ ಉಳಿದಿದೆ. ‘ಮೋರ್ ಸೆಟ್ಟಿಂಗ್ಸ್’ ಒತ್ತಿ ‘ಔಟ್‌ಗೋಯಿಂಗ್ ಸರ್ವರ್’ ಹಾಳೆಗೆ ಹೋದರೆ, ನನ್ನ ಹೊರಹೋಗುವ ಸರ್ವರಿಗೆ ದೃಢೀಕರಣ ಬೇಕು ಎಂಬುದೊಂದು ಟಿಕ್ ಪೆಟ್ಟಿಗೆ. ಅದರ ಕೆಳಗೆ ಮೂರು ಆಯ್ಕೆ. ಮೂರನೆಯದು, ಕಳಿಸುವ ಮೊದಲು ಒಳಬರುವ ಸರ್ವರಿಗೆ ಲಾಗಿನ್ ಆಗು ಎನ್ನುವುದು. ಆಗಿನ ಹಲವು ಸರ್ವರ್‌ಗಳಲ್ಲಿ ನೀವು ಮೊದಲು ಮೇಲ್ ಇಳಿಸಿಕೊಂಡರೆ, ನಿಮ್ಮ ವಿಳಾಸವನ್ನು ಕೆಲವು ನಿಮಿಷ ನೆನಪಿಟ್ಟುಕೊಂಡು ಅಷ್ಟರೊಳಗೆ ಕಳಿಸಿದ್ದನ್ನು ಒಪ್ಪಿಕೊಳ್ಳುತ್ತಿದ್ದವು. ಕಳಿಸುವವರ ಗುರುತು ಕೇಳುವ ಸರಿಯಾದ ಕ್ರಮ ಇನ್ನೂ ಎಲ್ಲೆಡೆ ಬಾರದಿದ್ದಾಗಿನ ಆಪದ್ಧರ್ಮ ಅದು. ಆ ಟಿಕ್ ಹಾಕಲು ಮರೆತು ದಿನಗಟ್ಟಲೆ ಒದ್ದಾಡಿದ ಕಚೇರಿಗಳು ಕರ್ನಾಟಕದ ಪ್ರತಿ ತಾಲ್ಲೂಕಿನಲ್ಲೂ ಇವೆ. ಆ ಒದ್ದಾಟವೇ ಇವತ್ತಿನ ತಿರಸ್ಕಾರದ ಬೇರು ಅನ್ನಿಸುತ್ತದೆ.

ಈಗ ಈ ತಿರಸ್ಕಾರ ಹೇಗೆ ಕೆಲಸ ಮಾಡುತ್ತದೆ ನೋಡಿ. ಒಂದು ಆಡಿಟರ್ ಕಚೇರಿ. ಸಂಸ್ಥೆಯ ಸ್ವಂತ ಹೆಸರಿನ ಡೊಮೇನ್, ಅದಕ್ಕೊಂದು ಅಗ್ಗದ ಹೋಸ್ಟಿಂಗ್, ಮೇಜಿನ ಮೇಲೆ ಥಂಡರ್‌ಬರ್ಡ್. ರಿಟರ್ನ್ಸ್ ಸಲ್ಲಿಸುವ ಗಡುವು ಹತ್ತಿರ ಬಂದಿದೆ, ಮೇಲ್ ಹೋಗುತ್ತಿಲ್ಲ. ಅಲ್ಲಿನ ಹುಡುಗಿ ಫೋನನ್ನು ಸ್ಪೀಕರಿಗೆ ಹಾಕಿ ಸಹಾಯವಾಣಿಯವರ ಜೊತೆ ಮಾತಾಡುತ್ತಿದ್ದಳು.

“ಸರ್ಟಿಫಿಕೇಟ್ ಎರರ್ ಅಂತ ಬರ್ತಿದೆ ಸರ್.”

“ಅದೇನಾಗಲ್ಲ ಮೇಡಂ. ಆ ಎಸ್‌ಎಸ್‌ಎಲ್ ತೆಗೆದುಬಿಡಿ.”

“ತೆಗೆದೆ ಸರ್. ಈಗ ಪಾಸ್‌ವರ್ಡ್ ಸುರಕ್ಷಿತವಾಗಿ ಹೋಗಲ್ಲ ಅಂತ ಕೆಂಪು ಅಕ್ಷರದಲ್ಲಿ ಬಂತು.”

“ಕೆಳಗೆ ಒಂದು ಟಿಕ್ ಇದೆಯಲ್ಲ, ಹಾಕಿ ಓಕೆ ಕೊಡಿ. ಹೋಯ್ತಾ?”

“ಹೋಯ್ತು ಸರ್. ತುಂಬಾ ಥ್ಯಾಂಕ್ಸ್ ಸರ್.”

ಎರಡು ನಿಮಿಷದ ಕೆಲಸ. ಇಬ್ಬರಿಗೂ ಸಮಾಧಾನ. ನೂರಾರು ಜನರ ಪ್ಯಾನ್ ಸಂಖ್ಯೆ, ಬ್ಯಾಂಕ್ ವಿವರಗಳು ಓಡಾಡುವ ಖಾತೆಯ ಪಾಸ್‌ವರ್ಡ್ ಅಂದಿನಿಂದ ಬೆತ್ತಲೆಯಾಗಿ ಓಡಾಡತೊಡಗಿತು. ಇದು ಉತ್ಪ್ರೇಕ್ಷೆ ಅನ್ನಿಸಿದರೆ, ಮೇಲ್ ಪ್ರೋಗ್ರಾಮ್ ಮತ್ತು ಸರ್ವರ್ ಆಡಿಕೊಳ್ಳುವ ಮಾತನ್ನೇ ಕೇಳಿಸಿಕೊಳ್ಳಿ. ಸರ್ವರ್ ಮೊದಲು 220 ಎಂದು ತನ್ನ ಹೆಸರು ಹೇಳುತ್ತದೆ. ಪ್ರೋಗ್ರಾಮ್ ‘ಎಹ್ಲೋ’ ಎಂದು ನಮಸ್ಕರಿಸುತ್ತದೆ. ಸರ್ವರ್ ಸಾಲು ಸಾಲಾಗಿ 250, 250 ಎನ್ನುತ್ತಾ ತನಗೆ ಏನೇನು ಬರುತ್ತದೆಂದು ಪಟ್ಟಿ ಒಪ್ಪಿಸುತ್ತದೆ. ಅದರಲ್ಲೊಂದು ಸಾಲು ದೃಢೀಕರಣದ ವಿಧಾನಗಳದ್ದು: ‘ಪ್ಲೇನ್’, ‘ಲಾಗಿನ್’, ಕೆಲವು ಕಡೆ ಓಆಥ್‌ನದ್ದೊಂದು. ಪ್ರೋಗ್ರಾಮ್ ‘ಪ್ಲೇನ್’ ಆರಿಸಿಕೊಂಡರೆ ಹೆಸರನ್ನೂ ಪಾಸ್‌ವರ್ಡನ್ನೂ ಒಟ್ಟಿಗೆ ಬೇಸ್64 ಎಂಬ ರೂಪಕ್ಕೆ ತಿರುಗಿಸಿ ಕಳಿಸುತ್ತದೆ. ನೋಡಲು ಅದು ಅರ್ಥವಿಲ್ಲದ ಅಕ್ಷರಗಳ ಸರಮಾಲೆ. ಆದರೆ ಅದರಲ್ಲಿ ಗುಟ್ಟು ಏನೂ ಇಲ್ಲ, ಬೀಗವಿಲ್ಲ, ಕೀಲಿಯಿಲ್ಲ. ಹೈಸ್ಕೂಲ್ ಹುಡುಗನೊಬ್ಬ ಒಂದೇ ಆಜ್ಞೆಯಲ್ಲಿ ಅದನ್ನು ಬಿಚ್ಚಿ ಓದಬಲ್ಲ. ಹೊರಗೆ ಟಿಎಲ್‌ಎಸ್‌ನ, ಅಂದರೆ ಆ ಖಾನೆಯಲ್ಲಿ ಎಸ್‌ಎಸ್‌ಎಲ್ ಎಂದು ಕರೆಯುವ ಎನ್‌ಕ್ರಿಪ್ಷನ್ನಿನ, ಹೊದಿಕೆ ಇದ್ದಾಗ ಮಾತ್ರ ಅದು ಸುರಕ್ಷಿತ. ಹೊದಿಕೆ ತೆಗೆಸಿದ್ದು ಆ ಸಹಾಯವಾಣಿ.

ಆ ಸರ್ಟಿಫಿಕೇಟಿನ ತಕರಾರಿಗೆ ನಿಜವಾದ ಮದ್ದು ತೀರಾ ಸಣ್ಣದಾಗಿತ್ತು. ಒಂದೇ ಯಂತ್ರದಲ್ಲಿ ನೂರಾರು ಗ್ರಾಹಕರನ್ನು ಕೂರಿಸುವ ಹೋಸ್ಟಿಂಗಿನಲ್ಲಿ ಸರ್ಟಿಫಿಕೇಟ್ ಎಷ್ಟೋ ಸಲ ಆ ಯಂತ್ರದ ಸ್ವಂತ ಹೆಸರಿಗೆ ಇರುತ್ತದೆ. ನೀವು ಸರ್ವರ್ ಖಾನೆಯಲ್ಲಿ ನಿಮ್ಮ ಡೊಮೇನಿನ ಹೆಸರು ಬರೆದಿದ್ದರೆ ಎರಡೂ ತಾಳೆಯಾಗುವುದಿಲ್ಲ, ಪ್ರೋಗ್ರಾಮ್ ಎಚ್ಚರಿಸುತ್ತದೆ. ಸರ್ಟಿಫಿಕೇಟಿನಲ್ಲಿ ಯಾವ ಹೆಸರಿದೆಯೋ ಅದನ್ನೇ ಆ ಖಾನೆಯಲ್ಲಿ ಬರೆದರೆ ಮುಗಿಯಿತು. ಇದನ್ನು ಹೇಳಲು ಎಸ್‌ಎಸ್‌ಎಲ್ ತೆಗೆಸುವುದಕ್ಕಿಂತ ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ಆದರೆ ಖಾನೆಗಳೆಲ್ಲ ವ್ಯರ್ಥ ಎಂದು ಮೊದಲೇ ತೀರ್ಮಾನಿಸಿಕೊಂಡವರಿಗೆ ಯಾವ ಖಾನೆ ಏನು ಮಾಡುತ್ತದೆಂದು ತಿಳಿಯುವ ಉಸಾಬರಿ ಏಕೆ?

ತಪ್ಪಿನ ಸಂಖ್ಯೆಗಳ ವಿಷಯದಲ್ಲೂ ಇದೇ ಕತೆ. 535 ಎಂದು ಬಂದರೆ ಸರ್ವರಿಗೆ ನಿಮ್ಮ ಹೆಸರೋ ಪಾಸ್‌ವರ್ಡೋ ಒಪ್ಪಿಗೆಯಾಗಿಲ್ಲ. 530 ಬಂದರೆ ನೀವು ಗುರುತು ತೋರಿಸುವ ಗೋಜಿಗೇ ಹೋಗಿಲ್ಲ, ಇಲ್ಲವೇ ಎನ್‌ಕ್ರಿಪ್ಷನ್ ಶುರು ಮಾಡಿಲ್ಲ. 550ರ ಜೊತೆ ‘ರಿಲೇ’ ಎಂಬ ಮಾತು ಕಂಡರೆ ಸರ್ವರ್ ನಿಮ್ಮನ್ನು ಹೊರಗಿನವರೆಂದು ತಿಳಿದಿದೆ. ಏನೂ ಬರದೆ ಸುಮ್ಮನೆ ಸುತ್ತುತ್ತಾ ಕೂತರೆ ಪೋರ್ಟಿನ ದಾರಿಯೇ ಬಂದಾಗಿದೆ. 25ನ್ನು ಹಾಕಿಕೊಂಡವರ ಗತಿ ಬಹುಮಟ್ಟಿಗೆ ಇದು, ಯಾಕೆಂದರೆ ಮನೆಬಳಕೆಯ ಸಂಪರ್ಕಗಳಲ್ಲಿ ಅದನ್ನು ಮುಚ್ಚಿಡುವ ಕಂಪನಿಗಳು ಬಹಳ. ರೋಗಿ ತನ್ನ ನೋವು ಎಲ್ಲಿದೆಯೆಂದು ಬೆರಳಿಟ್ಟು ತೋರಿಸುತ್ತಿರುವಾಗಲೂ “ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡಿ” ಎಂಬ ಒಂದೇ ಕಷಾಯ.

ಎನ್‌ಕ್ರಿಪ್ಷನ್ ಖಾನೆಯಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಮತ್ತು ಎಸ್‌ಎಸ್‌ಎಲ್/ಟಿಎಲ್‌ಎಸ್ ಎಂದು ಎರಡಿವೆಯಲ್ಲ, ಅದರ ಬಗ್ಗೆಯೂ ಹಳೆಯ ಉಪದೇಶವೇ ಇನ್ನೂ ಚಾಲ್ತಿಯಲ್ಲಿದೆ: ಸ್ಟಾರ್ಟ್‌ಟಿಎಲ್‌ಎಸ್ ಬಳಸುವ 587 ಆಧುನಿಕ, ಎಸ್‌ಎಸ್‌ಎಲ್/ಟಿಎಲ್‌ಎಸ್ ಬಳಸುವ 465 ಹಳತು. ಇದು ಒಂದು ಕಾಲಕ್ಕೆ ನಿಜವಾಗಿತ್ತು. 465ನ್ನು ತೊಂಬತ್ತರ ದಶಕದಲ್ಲಿ ಕೊಟ್ಟು, ಬೇಗನೇ ಹಿಂದಕ್ಕೆ ಪಡೆದಿದ್ದರು. ಆದರೆ 2018ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 8314 ಮಾತನ್ನು ತಿರುಗಿಸಿತು. ಮೊದಲು ಬಯಲಲ್ಲಿ ಮಾತು ಶುರು ಮಾಡಿ ನಡುವೆ ಹೊದಿಕೆ ಹೊದ್ದುಕೊಳ್ಳುವ ಸ್ಟಾರ್ಟ್‌ಟಿಎಲ್‌ಎಸ್‌ಗಿಂತ, ಮೊದಲ ಅಕ್ಷರದಿಂದಲೇ ಹೊದಿಕೆಯೊಳಗೆ ಮಾತಾಡುವ 465 ಮೇಲು ಎಂದಿತು. 2021ರಲ್ಲಿ ಜರ್ಮನಿಯ ಸಂಶೋಧಕರ ತಂಡವೊಂದು ಮೇಲ್ ಪ್ರೋಗ್ರಾಮ್‌ಗಳಲ್ಲೂ ಸರ್ವರ್‌ಗಳಲ್ಲೂ ಆ ನಡುವಿನ ಬದಲಾವಣೆಯ ಸುತ್ತ ನಲವತ್ತಕ್ಕೂ ಹೆಚ್ಚು ದೋಷಗಳನ್ನು ತೋರಿಸಿಕೊಟ್ಟಿತು. ಇಷ್ಟಾದ ಮೇಲೂ ಹೋಸ್ಟಿಂಗ್ ಕಂಪನಿಗಳ ಸೂಚನಾ ಪುಟಗಳಲ್ಲಿ ಎಸ್‌ಎಸ್‌ಎಲ್ ಇಲ್ಲದ ಸೆಟ್ಟಿಂಗ್ಸಿಗೆಂದು ಒಂದು ಪಕ್ಕದ ಪಟ್ಟಿ ಉಳಿದೇ ಇದೆ, ‘ಶಿಫಾರಸು ಮಾಡುವುದಿಲ್ಲ’ ಎಂಬ ಅಡಿಟಿಪ್ಪಣಿಯೊಂದಿಗೆ. ಶಿಫಾರಸು ಮಾಡದಿದ್ದರೆ ಮುದ್ರಿಸುವುದೇಕೆ?

ಇನ್ನೊಂದು ತಮಾಷೆ. ಥಂಡರ್‌ಬರ್ಡಿನ ದೃಢೀಕರಣದ ಖಾನೆಯಲ್ಲಿ ‘ಸಾಮಾನ್ಯ ಪಾಸ್‌ವರ್ಡ್’, ‘ಎನ್‌ಕ್ರಿಪ್ಟೆಡ್ ಪಾಸ್‌ವರ್ಡ್’ ಎರಡನ್ನೂ ಕಂಡ ಎಚ್ಚರಸ್ಥರು ಎರಡನೆಯದನ್ನು ಆರಿಸಿ ಸೋಲುತ್ತಾರೆ. ಅದು ಕ್ರಾಮ್-ಎಂಡಿ5 ಎಂಬ 1997ರ ವಿಧಾನ. ಅದಕ್ಕಾಗಿ ಸರ್ವರ್ ನಿಮ್ಮ ಪಾಸ್‌ವರ್ಡನ್ನು, ಇಲ್ಲವೇ ಅದಕ್ಕೆ ಸಮನಾದದ್ದನ್ನು, ತನ್ನಲ್ಲಿ ಇಟ್ಟುಕೊಂಡಿರಬೇಕಾಗುತ್ತದೆ. ಹಾಗಾಗಿ ಬಹಳ ಸರ್ವರ್‌ಗಳು ಅದನ್ನು ಕೈಬಿಟ್ಟಿವೆ. ಟಿಎಲ್‌ಎಸ್‌ನ ಒಳಗೆ ‘ಸಾಮಾನ್ಯ’ವೇ ಸರಿಯಾದ ಆಯ್ಕೆ. ಇಂಥ ಮಾತನ್ನು ಆ ಪೆಟ್ಟಿಗೆಯ ಪಕ್ಕದಲ್ಲೇ ಒಂದು ಸಾಲಿನಲ್ಲಿ ಬರೆದಿದ್ದರೆ ಎಷ್ಟೋ ಜನ ಈ ಕೆಲಸಕ್ಕೆ ಶಾಪ ಹಾಕುವುದು ತಪ್ಪುತ್ತಿತ್ತು. ಥಂಡರ್‌ಬರ್ಡಿನವರ ಮೇಲೆ ನನಗೆ ಪ್ರೀತಿ ಇದ್ದರೂ ಈ ದೂರು ಉಳಿದಿದೆ.

ಎದುರು ಪಕ್ಷದ ಗಟ್ಟಿ ವಾದಕ್ಕೆ ಬರೋಣ. ಪಾಸ್‌ವರ್ಡನ್ನು ಪ್ರತಿ ಪ್ರೋಗ್ರಾಮಿಗೂ ಕೊಡುವ ಪದ್ಧತಿಯೇ ದೋಷದ್ದು, ಅದು ಒಂದು ಕಡೆ ಸೋರಿದರೆ ಇಡೀ ಖಾತೆ ಹೋಯಿತು, ಆದ್ದರಿಂದ ಬ್ರೌಸರಿನಲ್ಲಿ ಎರಡು ಹಂತದ ಲಾಗಿನ್ ಮಾಡುವುದೇ ಸುರಕ್ಷಿತ ಎನ್ನುತ್ತಾರೆ. ಪಾಸ್‌ವರ್ಡಿನ ಬಗ್ಗೆ ಅವರು ಹೇಳುವುದು ಸರಿ. ಓಆಥ್ ವಿಧಾನದಲ್ಲಿ ಮೇಲ್ ಪ್ರೋಗ್ರಾಮಿಗೆ ಪಾಸ್‌ವರ್ಡ್ ಸಿಗುವುದೇ ಇಲ್ಲ, ಸಿಗುವುದು ಒಂದು ಟೋಕನ್. ಅದನ್ನು ಯಾವಾಗ ಬೇಕಾದರೂ ರದ್ದು ಮಾಡಬಹುದು. ಗೂಗಲ್ ವೈಯಕ್ತಿಕ ಖಾತೆಗಳಿಗೆ ಬರೀ ಪಾಸ್‌ವರ್ಡಿನ ಲಾಗಿನ್ನನ್ನು 2022ರ ಮೇ 30ರಂದು ನಿಲ್ಲಿಸಿದ್ದಕ್ಕೂ, ಮೈಕ್ರೋಸಾಫ್ಟ್ ಔಟ್‌ಲುಕ್ ಡಾಟ್ ಕಾಮ್ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಂದು ನಿಲ್ಲಿಸಿದ್ದಕ್ಕೂ ಸಮರ್ಥನೆ ಇದೆ. ಆದರೆ ಈ ಗುಣ ಓಆಥ್‌ನದ್ದು, ಬ್ರೌಸರಿನದ್ದಲ್ಲ. ಥಂಡರ್‌ಬರ್ಡಿನ ದೃಢೀಕರಣ ಖಾನೆಯಲ್ಲಿ ಓಆಥ್2 ಎಂಬ ಆಯ್ಕೆ ಎಷ್ಟೋ ವರ್ಷಗಳಿಂದ ಕೂತಿದೆ. ಅದನ್ನು ಆರಿಸಿ ಒಂದು ಸಲ ಲಾಗಿನ್ ಪುಟ ತುಂಬಿದರೆ ಅದೇ ಸುರಕ್ಷೆ ನಿಮ್ಮ ಮೇಜಿನ ಮೇಲೇ ಸಿಗುತ್ತದೆ. ಸುರಕ್ಷೆಗಾಗಿ ಪ್ರೋಗ್ರಾಮನ್ನು ಬಿಡಿ ಎನ್ನುವುದು ತರ್ಕವಾಗುವುದಿಲ್ಲ.

ಓಆಥ್‌ನ ಕಷ್ಟ ಇರುವುದು ಬೇರೆಡೆ, ಅದನ್ನು ಬ್ರೌಸರ್ ಪಕ್ಷದವರು ಎತ್ತುವುದೇ ಇಲ್ಲ. 1999ರ ನಿಯಮದ ಪ್ರಕಾರ ಯಾರು ಬೇಕಾದರೂ ಮೇಲ್ ಪ್ರೋಗ್ರಾಮ್ ಬರೆಯಬಹುದಿತ್ತು. ಬಳಕೆದಾರ ತನ್ನ ಹೆಸರು, ಪಾಸ್‌ವರ್ಡ್ ಕೊಟ್ಟರೆ ಯಾವ ಸರ್ವರಾದರೂ ಒಪ್ಪುತ್ತಿತ್ತು. ಪ್ರೋಗ್ರಾಮ್ ಯಾವುದು ಎಂದು ಸರ್ವರ್ ಕೇಳುತ್ತಿರಲಿಲ್ಲ. ಈಗ ಓಆಥ್ ಬಂದ ಮೇಲೆ ಪ್ರೋಗ್ರಾಮೂ ಮೇಲ್ ಕಂಪನಿಯ ಬಳಿ ಮೊದಲೇ ನೋಂದಣಿಯಾಗಿರಬೇಕು, ಪೂರ್ತಿ ಮೇಲ್ ಮುಟ್ಟುವ ಅನುಮತಿಗೆ ಪರಿಶೀಲನೆ ದಾಟಬೇಕು. ಥಂಡರ್‌ಬರ್ಡಿನ ಹಿಂದಿರುವ ಮೊಜಿಲ್ಲಾದಂಥ ದೊಡ್ಡ ಯೋಜನೆಗೆ ಅದು ಸಾಧ್ಯ. ಪೆಗಾಸಸ್ ಮೇಲನ್ನು 1990ರಿಂದ ನ್ಯೂಜಿಲೆಂಡಿನಲ್ಲಿ ಕೂತು ಹೆಚ್ಚುಕಡಿಮೆ ಒಬ್ಬರೇ ಕಟ್ಟಿಕೊಂಡು ಬಂದ ಡೇವಿಡ್ ಹ್ಯಾರಿಸ್‌ರಂಥವರು ಇವತ್ತು ಹೊಸದಾಗಿ ಶುರು ಮಾಡುವುದಾದರೆ? ಕನ್ನಡಕ್ಕೆಂದೇ ಒಬ್ಬ ಹುಡುಗ ಮೇಲ್ ಪ್ರೋಗ್ರಾಮ್ ಬರೆಯಲು ಹೊರಟರೆ? ಪ್ರೋಗ್ರಾಮ್ ತಾನಾಗಿ ನೋಂದಾಯಿಸಿಕೊಳ್ಳುವ ಕ್ರಮ 2015ರಲ್ಲೇ ಆರ್‌ಎಫ್‌ಸಿ 7591 ಆಗಿ ಬಂದಿದೆ. ದೊಡ್ಡ ಮೇಲ್ ಕಂಪನಿಗಳು ಅದನ್ನು ಈ ಕೆಲಸಕ್ಕೆ ತೆರೆದಿಡಲಿಲ್ಲ. ಬಳಕೆದಾರರಿಂದ ಒತ್ತಾಯವೂ ಬರಲಿಲ್ಲ, ಯಾಕೆಂದರೆ ಬಳಕೆದಾರರಿಗೆ ಆ ಖಾನೆ ಸತ್ತಿದೆ ಎಂದು ಹೇಳಿಕೊಟ್ಟಾಗಿತ್ತು.

ಕಾಸಿನ ಲೆಕ್ಕವನ್ನೂ ನೋಡಿ. ಪ್ರೋಟಾನ್ ಎಂಬ ಸೇವೆಯ ಮೇಲನ್ನು ಮೇಜಿನ ಪ್ರೋಗ್ರಾಮಿನಲ್ಲಿ ಬಳಸಲು ಬ್ರಿಡ್ಜ್ ಎಂಬ ಸೇತುವೆ ಬೇಕು, ಅದು ದುಡ್ಡು ಕೊಟ್ಟವರಿಗೆ ಮಾತ್ರ. ಅವರಿಗೆ ಗೂಢಲಿಪಿಯ ತಾಂತ್ರಿಕ ಕಾರಣವಿದೆ, ಒಪ್ಪೋಣ. ಟ್ಯೂಟಾ ಎಂಬ ಇನ್ನೊಂದು ಸೇವೆಯಲ್ಲಿ ಹೊರಗಿನ ಪ್ರೋಗ್ರಾಮಿಗೆ ದಾರಿಯೇ ಇಲ್ಲ. ಗುಟ್ಟು ಕಾಯುವ ಮಾತಾಡುವವರಲ್ಲೇ ಹೀಗಾದರೆ ಉಳಿದವರಿಗೆ ಯಾರು ಹೇಳಬೇಕು.

ಬ್ರೌಸರ್ ಸಾಕು ಎನ್ನುವ ಮಾತಿನ ಅತ್ಯಂತ ವಿಚಿತ್ರ ಫಲ ಮೈಕ್ರೋಸಾಫ್ಟಿನ ‘ಹೊಸ ಔಟ್‌ಲುಕ್’. ವಿಂಡೋಸ್‌ನಲ್ಲಿದ್ದ ಪುಟ್ಟ ಮೇಲ್ ಆಪ್‌ಗೆ 2024ರ ಕೊನೆಗೆ ಬೆಂಬಲ ನಿಲ್ಲಿಸಿ ಅದರ ಜಾಗಕ್ಕೆ ಇದನ್ನು ತಂದು ಕೂರಿಸಿದರು. ನೋಡಲು ಮೇಜಿನ ಪ್ರೋಗ್ರಾಮಿನ ಹಾಗೇ ಇದೆ. ನೀವು ಬೇರೆ ಕಂಪನಿಯ ಐಮ್ಯಾಪ್ ಖಾತೆ ಸೇರಿಸಿದರೆ, ನಿಮ್ಮ ಮೇಲ್ ಮೈಕ್ರೋಸಾಫ್ಟಿನ ಕ್ಲೌಡಿಗೂ ಸಿಂಕ್ ಆಗುತ್ತದೆಂದು ಒಪ್ಪಿಗೆ ಕೇಳುತ್ತದೆ. ಸರ್ವರಿನ ಹೆಸರು, ಪಾಸ್‌ವರ್ಡ್ ಕೂಡ ಅವರ ಸರ್ವರಿಗೇ ಹೋಗುತ್ತವೆ ಎಂಬುದನ್ನು ಜರ್ಮನಿಯ ಹೈಸೆ ಪತ್ರಿಕಾ ಸಂಸ್ಥೆ 2023ರ ನವೆಂಬರಿನಲ್ಲಿ ಬಯಲಿಗೆ ತಂದಿತು. ಅಂದರೆ ನಿಮ್ಮ ಪರವಾಗಿ ನಿಮ್ಮ ಸರ್ವರಿಗೆ ಲಾಗಿನ್ ಆಗುವುದು ನಿಮ್ಮ ಕಂಪ್ಯೂಟರಲ್ಲ, ಅವರ ಕಂಪ್ಯೂಟರು. ಯಾರೂ ಓದದ ಒಪ್ಪಿಗೆ ಪತ್ರದ ಮೇಲೆ ಒಂದು ಕ್ಲಿಕ್ಕಿನಲ್ಲಿ ಇದು ಆಗಿಹೋಯಿತು. ನಾಲ್ಕು ಖಾನೆ ತುಂಬಲು ಬೇಜಾರು ಪಟ್ಟವರಿಗಾಗಿ ಅವರೇ ತುಂಬಿಕೊಂಡರು.

ಸರಿ, ಇದೆಲ್ಲ ಮೇಜಿನ ಪ್ರೋಗ್ರಾಮ್ ಬಳಸುವ ಕೆಲವರ ಗೋಳು ತಾನೇ ಎನ್ನಬಹುದು. ಹಾಗೆನ್ನುವವರು ಒಂದು ಅಂಗಡಿಯ ಹಿಂಬದಿಗೆ ಬರಬೇಕು. ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿಯಿಂದ ಇನ್‌ವಾಯ್ಸನ್ನು ನೇರ ಗ್ರಾಹಕನಿಗೆ ಮೇಲ್ ಮಾಡಬೇಕೇ? ಸರ್ವರ್ ವಿಳಾಸ, ಪೋರ್ಟ್, ಎಸ್‌ಎಸ್‌ಎಲ್, ಬಳಕೆದಾರನ ಹೆಸರು ಕೇಳುತ್ತದೆ. ಜೆರಾಕ್ಸ್ ಯಂತ್ರ ಸ್ಕ್ಯಾನ್ ಮಾಡಿದ್ದನ್ನು ಮೇಲ್ ಮಾಡಬೇಕೇ? ಅದೇ ಖಾನೆಗಳು, ಎರಡು ಇಂಚಿನ ಪರದೆಯಲ್ಲಿ. ರಾತ್ರಿ ಯಾರೋ ಗೋದಾಮಿನ ಬಳಿ ಸುಳಿದಾಡಿದರೆ ಸಿಸಿಟಿವಿಯ ಡಿವಿಆರ್ ಮೇಲ್ ಕಳಿಸಬೇಕೇ? ಮತ್ತೆ ಅದೇ. ಇಂಥ ಬಹುಪಾಲು ಯಂತ್ರಗಳಿಗೆ ಬ್ರೌಸರ್ ತೆರೆದು ಎರಡು ಹಂತದ ಲಾಗಿನ್ ಮಾಡಲು ಬರುವುದಿಲ್ಲ. ಮೈಕ್ರೋಸಾಫ್ಟ್ 2022ರ ಅಕ್ಟೋಬರಿನಲ್ಲಿ ತನ್ನ ಎಕ್ಸ್‌ಚೇಂಜ್ ಆನ್‌ಲೈನ್ ಎಂಬ ಕಚೇರಿ ಮೇಲ್ ಸೇವೆಯಲ್ಲಿ ಹಳೆಯ ಪಾಸ್‌ವರ್ಡ್ ವಿಧಾನಗಳನ್ನು ಒಂದೊಂದಾಗಿ ಮುಚ್ಚಲು ಹೊರಟಾಗಲೂ ಹೊರಹೋಗುವ ಮೇಲಿನ ದೃಢೀಕರಣವನ್ನು ಬಳಸುತ್ತಿದ್ದವರಿಗೆ ತೆರೆದೇ ಬಿಟ್ಟಿತು. ಆಮೇಲೆ ಅದಕ್ಕೂ ಗಡುವು ಹೇಳಿ ಮತ್ತೆ ಮುಂದೂಡಿತು. ಲೋಕದ ತುಂಬ ಈ ಮೂಕ ಯಂತ್ರಗಳು ಅದನ್ನೇ ನೆಚ್ಚಿಕೊಂಡಿವೆ ಎಂದು ಆ ಕಂಪನಿಗೆ ಗೊತ್ತು. ಖಾನೆ ಸತ್ತಿದೆ ಎನ್ನುವ ನಮ್ಮ ಅಂಕಣಕಾರರಿಗೆ ಗೊತ್ತಿಲ್ಲ.

ತಿಳಿಯದೆ ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ಈ ಯಂತ್ರಗಳೇ ಸಾಕ್ಷಿ. ಮಾಲೀಕನ ಮುಖ್ಯ ಪಾಸ್‌ವರ್ಡನ್ನೇ ಡಿವಿಆರಿಗೂ ಜೆರಾಕ್ಸ್ ಯಂತ್ರಕ್ಕೂ ಟ್ಯಾಲಿಗೂ ಕೊಟ್ಟಿರುತ್ತಾರೆ. ಡಿವಿಆರಿನದು ಕಾರ್ಖಾನೆಯಿಂದ ಬಂದ ಅಡ್ಮಿನ್ ಪಾಸ್‌ವರ್ಡೇ ಇನ್ನೂ ಬದಲಾಗಿರುವುದಿಲ್ಲ. ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಹಾಕಿಕೊಂಡರೆ 16 ಅಕ್ಷರಗಳ ಆಪ್ ಪಾಸ್‌ವರ್ಡ್ ಸಿಗುತ್ತದೆ, ಯಂತ್ರಕ್ಕೊಂದರಂತೆ. ಡಿವಿಆರ್ ಮಾರಿದರೆ ಅದರದ್ದೊಂದನ್ನು ಅಳಿಸಿದರಾಯಿತು, ಉಳಿದವು ಓಡುತ್ತಿರುತ್ತವೆ. ಇದನ್ನು ಅಂಗಡಿಯವರಿಗೆ ಐದು ನಿಮಿಷದಲ್ಲಿ ಹೇಳಿಕೊಡಬಹುದು. ಹೇಳಿಕೊಡಬೇಕಾದವರು “ಅದೆಲ್ಲ ತಲೆನೋವು, ನಿಮ್ಮ ಜಿಮೇಲ್ ಪಾಸ್‌ವರ್ಡ್ ಹೇಳಿ, ನಾನೇ ಹಾಕ್ತೀನಿ” ಎನ್ನುತ್ತಾರೆ.

ಸರ್ವರ್ ಖಾನೆಯ ಬಗ್ಗೆ ಒಂದು ಮಾತು ಬಾಕಿಯಿದೆ. ಹಿಂದೆ ಯಾವ ಸರ್ವರಿನ ಮೂಲಕ ಕಳಿಸಿದರೂ ಮೇಲ್ ಮುಟ್ಟುತ್ತಿತ್ತು, ಆದ್ದರಿಂದ ಆ ಖಾನೆಗೆ ಬೆಲೆ ಕಡಿಮೆ ಇತ್ತು. ಈಗ ನಿಮ್ಮ ಡೊಮೇನಿನ ಪರವಾಗಿ ಯಾರು ಕಳಿಸಬಹುದೆಂದು ಎಸ್‌ಪಿಎಫ್ ದಾಖಲೆ ಸಾರುತ್ತದೆ, ಡಿಕಿಮ್ ಸಹಿ ಹಾಕುತ್ತದೆ, ಡಿಮಾರ್ಕ್ ಎರಡನ್ನೂ ತಾಳೆ ನೋಡುತ್ತದೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇದನ್ನು ಬಿಗಿ ಮಾಡಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಮೂರೂ ಬೇಕು, ಉಳಿದವರಿಗೆ ಎಸ್‌ಪಿಎಫ್, ಡಿಕಿಮ್‌ಗಳಲ್ಲಿ ಕನಿಷ್ಠ ಒಂದು. ಥಂಡರ್‌ಬರ್ಡಿನಲ್ಲಿ ಎರಡು ಮೂರು ಖಾತೆ ಇಟ್ಟುಕೊಂಡವರು ಅಕೌಂಟ್ ಸೆಟ್ಟಿಂಗ್ಸ್ ಪಟ್ಟಿಯ ಕಟ್ಟಕಡೆಗೆ ಇರುವ ಹೊರಹೋಗುವ ಸರ್ವರ್‌ಗಳನ್ನೊಮ್ಮೆ ತೆರೆದು ನೋಡಲಿ. ಕಚೇರಿಯ ಖಾತೆಗೆ ಸ್ವಂತ ಜಿಮೇಲಿನ ಸರ್ವರ್ ಜೋತುಬಿದ್ದಿರುವುದು ಅಪರೂಪವೇನಲ್ಲ. ಮೇಲ್ ಹೋಗುತ್ತದೆ, ಆದ್ದರಿಂದ ಎಲ್ಲ ಸರಿಯಿದೆ ಎಂದೇ ತಿಳಿದಿರುತ್ತಾರೆ. ಆದರೆ ಜಿಮೇಲ್ ತನ್ನಲ್ಲಿ ನೋಂದಾಯಿಸದ ‘ಫ್ರಮ್’ ವಿಳಾಸವನ್ನು ಕಿತ್ತು ಖಾತೆದಾರನ ಸ್ವಂತ ವಿಳಾಸವನ್ನೇ ಹಾಕುತ್ತದೆ. ಸಹಕಾರ ಸಂಘದ ಕಾರ್ಯದರ್ಶಿ ಲೆಟರ್‌ಹೆಡ್ ಹಚ್ಚಿ ಕಳಿಸಿದ ನೋಟಿಸು, ಕಾಲೇಜು ದಿನಗಳಲ್ಲಿ ಗೆಳೆಯರು ನಕ್ಕು ಮಾಡಿಕೊಟ್ಟ ಐಡಿಯಿಂದ ಹೋದಂತೆ ಸದಸ್ಯರಿಗೆ ಕಾಣುತ್ತದೆ.

ಕೊನೆಯ ವಾದವೊಂದಿದೆ, ಅದು ಸ್ವಲ್ಪ ಮರ್ಯಾದಸ್ಥರದ್ದು. ಇದೆಲ್ಲ ನಿಜ, ಆದರೆ ಸಾಮಾನ್ಯರಿಗೆ ಇದು ಕಷ್ಟ, ಕಷ್ಟವಾದದ್ದನ್ನು ಅವರ ಮೇಲೆ ಹೇರಬಾರದು ಎನ್ನುತ್ತಾರೆ. ಹೇರಬೇಕಾಗಿಯೇ ಇರಲಿಲ್ಲ. ಹೊಸ ಖಾತೆ ಸೇರಿಸುವಾಗ ಥಂಡರ್‌ಬರ್ಡ್ ತಾನೇ ಹುಡುಕಾಡುತ್ತದೆ. ದೊಡ್ಡ ಕಂಪನಿಗಳ ವಿವರ ಮೊಜಿಲ್ಲಾದವರು ಕೂಡಿಸಿಟ್ಟ ಕಣಜದಲ್ಲಿ ಸಿಗುತ್ತದೆ. ಸಣ್ಣ ಡೊಮೇನ್ ಆದರೆ, ಅಲ್ಲೇ ಒಂದು ಸಂರಚನೆಯ ಕಡತ ಇಟ್ಟಿದ್ದಾರೆಯೇ ಎಂದು ನೋಡುತ್ತದೆ. ಅದೂ ಸಿಗದಿದ್ದರೆ ಬಹುಸಾಮಾನ್ಯವಾದ ಹೆಸರುಗಳನ್ನೂ ಪೋರ್ಟ್‌ಗಳನ್ನೂ ಒಂದೊಂದಾಗಿ ತಟ್ಟಿ ನೋಡುತ್ತದೆ. ಡೊಮೇನಿನ ಡಿಎನ್‌ಎಸ್ ಎಂಬ ವಿಳಾಸಪಟ್ಟಿಯಲ್ಲಿ ಎರಡು ಮೂರು ಸಾಲು ಬರೆದರೆ ಹೊರಹೋಗುವ ಸರ್ವರ್ ಯಾವುದು, ಪೋರ್ಟ್ ಯಾವುದು ಎಂದು ಯಾವ ಪ್ರೋಗ್ರಾಮ್ ಬೇಕಾದರೂ ಓದಿಕೊಳ್ಳಬಹುದೆಂಬ ಕ್ರಮವನ್ನು 2011ರಲ್ಲೇ ಆರ್‌ಎಫ್‌ಸಿ 6186 ಹೇಳಿಟ್ಟಿದೆ. ಅದನ್ನು ಬರೆಯಬೇಕಾದವರು ಹೋಸ್ಟಿಂಗ್ ಕಂಪನಿಗಳು, ಪ್ರೋಗ್ರಾಮಿನಲ್ಲಿ ಓದಿಸಬೇಕಾದವರು ಪ್ರೋಗ್ರಾಮ್ ಬರೆಯುವವರು. ಬರೆಯುವುದರಲ್ಲಿ ಇವರೂ ಓದುವುದರಲ್ಲಿ ಅವರೂ ಸೋಮಾರಿತನ ಮಾಡಿದ ಮೇಲೆ ಆಡಿಟರ್ ಕಚೇರಿಯ ಆ ಹುಡುಗಿಗೆ ಕಷ್ಟವಾಯಿತು. ಅವಳ ಕಷ್ಟವನ್ನು ತೋರಿಸಿ ಆ ಖಾನೆಗಳನ್ನೇ ತೆಗೆದುಹಾಕಿ ಎನ್ನುವವರು, ಮುಂದಿನ ಸಲ ಹೋಸ್ಟಿಂಗ್ ನವೀಕರಣದ ಬಿಲ್ಲು ಬಂದಾಗ, ಆ ಸಾಲುಗಳನ್ನು ಇನ್ನೂ ಯಾಕೆ ಬರೆದಿಲ್ಲ ಎಂದು ಕೇಳಿ ಒಂದು ಮೇಲ್ ಕಳಿಸಲಿ. 465ನೇ ಪೋರ್ಟ್, ಎಸ್‌ಎಸ್‌ಎಲ್/ಟಿಎಲ್‌ಎಸ್, ಸಾಮಾನ್ಯ ಪಾಸ್‌ವರ್ಡ್, ಸರ್ಟಿಫಿಕೇಟಿನಲ್ಲಿರುವ ಹೆಸರು: ಅಷ್ಟು ತುಂಬಿದರೆ ಮೇಲ್ ಹೋಗುತ್ತದೆ.